ಕೋಡ್ ನೋಡಿದ್ರೆ ಗೊತ್ತಾಗುತ್ತಂತೆ!

ತಲೆ ಕೆಟ್ಟು ಹೋಗಿದೆ. ಹೊರಗೆ ಕಲಬುರಗಿ ಬಿಸಿಲು, ಒಳಗೆ ಈ ಜನರ ಕಾಟ. ಎರಡನ್ನೂ ಒಟ್ಟಿಗೆ ತಡೆಯೋಕೆ ನನ್ನಿಂದ ಆಗಲ್ಲ.

ಇಲ್ಲಿ ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ತೊಗರಿ ವ್ಯಾಪಾರ ಮಾಡುವವರಿಗೆ ಒಂದು ಎಐ ಏಜೆಂಟ್ ಮಾಡಿಕೊಡುತ್ತಿದ್ದೇನೆ. ಸಾಹುಕಾರರು ಫೋನಲ್ಲಿ ಕೇಳಬೇಕು, ಅದು ದರ, ಆವಕ, ಗೋದಾಮಿನ ಸ್ಟಾಕ್ ನೋಡಿ ಹೇಳಬೇಕು. ಏಜೆಂಟ್ ನನ್ನ ಕೆಲಸ. ಅದು ಬಳಸುವ ಟೂಲ್‌ಗಳನ್ನು, ಅಂದರೆ ದರ, ಸ್ಟಾಕ್ ಮಾಹಿತಿ ತಂದುಕೊಡುವ ಪುಟ್ಟ ಪ್ರೋಗ್ರಾಂಗಳನ್ನು, ಬರೆಯೋದು ಬೆಂಗಳೂರಿನಲ್ಲಿ ಕೂತ ಇನ್ನೊಂದು ತಂಡ.

ಮೊದಲು ಬಂದ ಟೂಲ್‌ನ ಹೆಸರು ‘ಗೆಟ್ ರೇಟ್’. ವಿವರಣೆ: ‘ರೇಟ್ ಕೊಡುತ್ತದೆ’. ಎರಡನೆಯದು ‘ಗೆಟ್ ರೇಟ್ ನ್ಯೂ’. ವಿವರಣೆ: ‘ರೇಟ್ ಕೊಡುತ್ತದೆ, ಹೊಸದು’. ಯಾವುದರ ರೇಟ್, ಪುಣ್ಯಾತ್ಮಾ? ತೊಗರಿಯದಾ, ಬೇಳೆಯದಾ? ಕ್ವಿಂಟಾಲ್‌ಗಾ, ಕೆಜಿಗಾ?

ಸೋಮವಾರ ಸಂಜೆ ಆಗಬೇಕಾದ್ದು ಆಯಿತು. ಸಾಹುಕಾರರು ‘ಇವತ್ತ ತೊಗರಿ ರೇಟ್ ಎಷ್ಟದ?’ ಅಂತ ಕೇಳಿದ್ದಾರೆ. ಏಜೆಂಟ್ ಮರ್ಯಾದೆಯಿಂದ ‘112 ರೂಪಾಯಿ’ ಅಂದಿದೆ. ಅದು ಮಿಲ್ಲಿನಿಂದ ಹೊರಬೀಳುವ ಬೇಳೆಯ ಕೆಜಿ ದರ. ಐದೇ ನಿಮಿಷಕ್ಕೆ ನನಗೆ ಫೋನ್ ಬಂತು.

“ಏನ್ರೀ, ತೊಗರಿ ಕೇಳಿದ್ರ ಬ್ಯಾಳಿ ರೇಟ್ ಹೇಳ್ತದಲ್ಲ ನಿಮ್ಮ ಮಷಿನ್ನು? 112 ರೂಪಾಯಿಗೆ ಕ್ವಿಂಟಾಲ್ ಕೊಡಸ್ತೀರೇನ್? ಹಂಗಿದ್ರ ಎರಡು ಲಾರಿ ಕಳಸ್ರಿ.”

2025-26ರ ಬೆಂಬಲ ಬೆಲೆಯೇ ಕ್ವಿಂಟಾಲ್‌ಗೆ 8,000 ರೂಪಾಯಿ. ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ತಗೊಂಡ ಊರು ಇದು. ಇಲ್ಲಿ ತೊಗರಿಗೂ ಬೇಳೆಗೂ ವ್ಯತ್ಯಾಸ ಗೊತ್ತಿಲ್ಲ ಅಂದರೆ ಹಮಾಲರು ಕೂಡ ನಗುತ್ತಾರೆ. ನಕ್ಕರು ಕೂಡ, ಫೋನಲ್ಲಿ ಹಿಂದಿನಿಂದ ಕೇಳಿಸುತ್ತಿತ್ತು.

ಬೆಂಗಳೂರಿಗೆ ಫೋನ್ ಮಾಡಿದೆ. “ಸರ್, ಕೋಡ್ ನೋಡಿದ್ರೆ ಗೊತ್ತಾಗುತ್ತಲ್ವಾ, ಅದು ಬೇಳೆದು ಅಂತ?”

ನನಗೆ ಗೊತ್ತಾಗುತ್ತದೆ. ಏಜೆಂಟ್‌ಗೆ ಹೇಗೆ ಗೊತ್ತಾಗಬೇಕು? ನಿಮ್ಮ ಕೋಡ್ ಅದರ ಕಣ್ಣಿಗೆ ಬೀಳೋದೇ ಇಲ್ಲ! ಅದಕ್ಕೆ ಸಿಗೋದು ಟೂಲ್‌ನ ಹೆಸರು, ವಿವರಣೆ, ಏನೇನು ತುಂಬಬೇಕು ಅನ್ನುವ ಪಟ್ಟಿ. ಅಷ್ಟನ್ನೇ ಓದಿ ಯಾವ ಟೂಲ್ ಕರೆಯಬೇಕು ಅಂತ ತೀರ್ಮಾನ ಮಾಡುತ್ತದೆ. ಗೋದಾಮಿಗೆ ನಿನ್ನೆ ಸೇರಿದ ಹುಡುಗನಿಗೆ ‘ಆ ಚೀಲ ತಗೊಂಡು ಬಾ’ ಅಂದರೆ ಅವನಾದರೂ ‘ಯಾವ್ದ್ರೀ ಅಣ್ಣಾ?’ ಅಂತ ಕೇಳುತ್ತಾನೆ. ಇದು ಬಹಳ ಸಲ ಕೇಳೋದೂ ಇಲ್ಲ. ಎದುರಿಗೆ ಕಂಡ ಚೀಲ ಹೊತ್ತುಕೊಂಡು ಬರುತ್ತದೆ.

ದಿನಾಂಕದ ಕತೆ ಇನ್ನೊಂದು. ತುಂಬಬೇಕಾದ ಜಾಗದಲ್ಲಿ ‘ಡೇಟ್’ ಅಂತ ಮಾತ್ರ ಇದೆ. ಏಜೆಂಟ್ 05/12 ಅಂತ ಕಳಿಸಿದೆ, ಡಿಸೆಂಬರ್ 5 ಅಂದುಕೊಂಡು. ಟೂಲ್ ಅದನ್ನು ಮೇ 12 ಅಂತ ಓದಿದೆ. ಡಿಸೆಂಬರ್ ಅಂದರೆ ಹೊಸ ತೊಗರಿ ಬರೋಕೆ ಶುರುವಾಗುವ ಕಾಲ. ಇದು ಬೇಸಿಗೆಯ ಆವಕ ತೋರಿಸಿ ‘ಆವಕ ಬಹಳ ಕಡಿಮೆ ಇದೆ’ ಅಂತ ವರದಿ ಬೇರೆ ಕೊಟ್ಟಿತು. ವರ್ಷ-ತಿಂಗಳು-ದಿನ, ಉದಾಹರಣೆಗೆ 2025-12-05 ಅಂತ ಒಂದು ಸಾಲು ಬರೆದಿದ್ದರೆ ಮುಗಿದು ಹೋಗುತ್ತಿತ್ತು. ತಪ್ಪಾದರೆ ಬರುವ ಸಂದೇಶವಾದರೂ ಸರಿ ಇದೆಯಾ ಅಂದರೆ, ಅದೂ ಬರೀ ‘ಎರರ್’. ಏನು ತಪ್ಪು ಅಂತ ಇಲ್ಲ, ಹೇಗೆ ಸರಿಮಾಡಬೇಕು ಅಂತ ಇಲ್ಲ. ಪಾಪ, ಇನ್ನೊಂದು ದಿನ ಏಜೆಂಟ್ ಒಂದೇ ತಪ್ಪನ್ನು ಆರು ಸಲ ಕಳಿಸಿ ಸುಮ್ಮನಾಯಿತು.

ನಾನೂ ಸಾಚಾ ಏನಲ್ಲ. ಸಿಟ್ಟಲ್ಲಿ ಕೂತು ಒಂದೊಂದು ಟೂಲ್‌ಗೆ ಒಂದೊಂದು ಪುಟ ಬರೆದೆ. ‘ಯಾವ ಕಾರಣಕ್ಕೂ ಬಳಸಬೇಡ’, ‘ಕಡ್ಡಾಯವಾಗಿ ಬಳಸು’ ಅಂತೆಲ್ಲ. ಅದು ಇನ್ನೂ ಗೊಂದಲಕ್ಕೆ ಬಿತ್ತು. ಅಷ್ಟೂ ವಿವರಣೆ ಪ್ರತಿ ಪ್ರಶ್ನೆಯ ಜೊತೆಗೂ ಹೋಗುತ್ತದಲ್ಲ, ಟೋಕನ್ (ಎಐ ಓದುವ ಪದಗಳ ತುಣುಕಿನ ಲೆಕ್ಕ) ಖರ್ಚೂ ಜಾಸ್ತಿ. ಕೊನೆಗೆ ಎಲ್ಲ ಕಿತ್ತು ಹಾಕಿ ಹೀಗೆ ಬರೆದೆ: ‘ಗಂಜ್‌ನಲ್ಲಿ ಒಡೆಯದ ಇಡೀ ತೊಗರಿ ಕಾಳಿನ ದರ, ಕ್ವಿಂಟಾಲ್‌ಗೆ ರೂಪಾಯಿಯಲ್ಲಿ. ತೂರ್, ತುವರ್, ಕಂದಿ ಅಂದರೂ ಇದೇ. ಬೇಳೆಯ ದರಕ್ಕೆ ಇದನ್ನು ಬಳಸಬೇಡ, ಬೇಳೆ ದರದ ಟೂಲ್ ಬೇರೆ ಇದೆ.’ ಮೂರೇ ಸಾಲು. ಆಮೇಲೆ ಸಾಹುಕಾರರು ಕನ್ನಡದಲ್ಲಿ ಕೇಳಿದರೂ, ಅವರ ಮುನೀಮರು ಉರ್ದು ಬೆರೆಸಿ ಕೇಳಿದರೂ ಸರಿ ಉತ್ತರ ಬರುತ್ತಿದೆ. ಒಳಗಿನ ಎಐ ಮಾಡೆಲ್ ಅದೇ, ಕೋಡ್ ಅದೇ.

ನನ್ನ ಹೊಟ್ಟೆ ಉರಿಯೋದು ಇಲ್ಲೇ. ಆ ಮೂರು ಸಾಲಿಗೆ ನನಗೆ ಎರಡು ದಿನ ಹಿಡಿಯಿತು. ಸಾಹುಕಾರರು ಏನೇನು ಮಾತಾಡುತ್ತಾರೆ ಅಂತ ಗಂಜ್‌ನಲ್ಲಿ ಕೂತು ಕೇಳಿಸಿಕೊಂಡು ಬಂದೆ. ಮೀಟಿಂಗ್‌ನಲ್ಲಿ ಕೇಳಿದ್ದೇನು? “ಎರಡು ದಿನ ಏನ್ಮಾಡಿದ್ರಿ? ಕೋಡ್ ಏನೂ ಬದಲಾಗಿಲ್ವಲ್ಲ?” ಅಂತ. ಏಜೆಂಟ್ ತಪ್ಪು ಹೇಳಿದಾಗ ಮಾತ್ರ ‘ಈ ಎಐ ದಡ್ಡ’ ಅಂತ ಎಲ್ಲರೂ ಒಂದೇ ರಾಗ.

ಈಗ ಸುಸಲಾ-ಮಿರ್ಚಿ ಮುಂದಿಟ್ಟುಕೊಂಡು ಲ್ಯಾಪ್‌ಟಾಪ್ ತೆಗೆದೆ. ಸ್ಟಾಕ್‌ಗೆ ಹೊಸ ಟೂಲ್ ಬಂದಿದೆ. ಹೆಸರು ‘ಚೆಕ್ ಸ್ಟಾಕ್ ಫೈನಲ್ 2’. ವಿವರಣೆಯ ಜಾಗ ಖಾಲಿ. ಚೀಲದ ಲೆಕ್ಕವೋ, ಕ್ವಿಂಟಾಲ್ ಲೆಕ್ಕವೋ ಗೊತ್ತಿಲ್ಲ. ಮಿರ್ಚಿ ಮುಗಿಸಿ ಫೋನ್ ಮಾಡುತ್ತೇನೆ.