ಕರಿಬೇವಿನ ಮೇಲೆ ಹಿಮ

ಡಿಸೆಂಬರ್ ಮೊದಲ ವಾರ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್‌ನೊಳಗೆ ಸುತ್ತೋಲೆ ಅಂಟಿಸಿದರು. ಈ ವರ್ಷದ ಕ್ರಿಸ್‌ಮಸ್ ಅಲಂಕಾರದ ಥೀಮ್ 'ಚಳಿಗಾಲದ ಮಾಯಾಲೋಕ'. ಮನೆಯೊಂದಕ್ಕೆ 750 ರೂಪಾಯಿ ವಂತಿಗೆ. ರಸ್ತೆಗೆ ಕಾಣುವ ಬಾಲ್ಕನಿಗಳಲ್ಲಿರುವ ಕುಂಡಗಳೆಲ್ಲ ಥೀಮ್‌ಗೆ ಹೊಂದಿಕೊಳ್ಳತಕ್ಕದ್ದು. ತಪ್ಪಿದಲ್ಲಿ ಸಂಘವೇ ಹೊಂದಿಸಿ ವೆಚ್ಚವನ್ನು ನಿರ್ವಹಣಾ ಶುಲ್ಕಕ್ಕೆ ಸೇರಿಸುವುದು. ಓದುತ್ತ ನಿಂತಿದ್ದಾಗ ಕರೆಂಟು ಹೋಗಿ ಲಿಫ್ಟ್ ಮೂರನೇ ಮಹಡಿಗೂ ನಾಲ್ಕನೆಯದಕ್ಕೂ ನಡುವೆ ನಿಂತಿತು. ಬೆವರು ಒರೆಸಿಕೊಳ್ಳುತ್ತ ಚಳಿಗಾಲದ ಮಾಯಾಲೋಕವನ್ನು ಮೂರು ಬಾರಿ ಓದಿದೆ.

ನಮ್ಮ ಬಾಲ್ಕನಿಯಲ್ಲಿರುವುದು ಐದೇ ಕುಂಡ. ಕರಿಬೇವು, ದೊಡ್ಡಪತ್ರೆ, ತುಳಸಿ, ಆರು ವರ್ಷದಿಂದ ಬರೀ ಎಲೆ ತೋರಿಸಿಕೊಂಡು ರಾಜಕಾರಣಿಯಂತೆ ಭರವಸೆ ಕೊಡುತ್ತಿರುವ ಬ್ರಹ್ಮಕಮಲ, ಮತ್ತು ಬಣ್ಣದ ಡಬ್ಬದಲ್ಲಿ ಕನಕಾಂಬರ. ಕಾರ್ಯದರ್ಶಿಗಳು ಇಬ್ಬರು ಸದಸ್ಯರೊಡನೆ ಪರಿಶೀಲನೆಗೆ ಬಂದರು. ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಹಾಸಿಗೆಯಿಂದ ಹಾಸಿಗೆಗೆ ಹೋಗುವಂತೆ ಕುಂಡದಿಂದ ಕುಂಡಕ್ಕೆ ಹೋದರು. ಕರಿಬೇವಿನ ಎದುರು ನಿಂತು ನಿಟ್ಟುಸಿರು ಬಿಟ್ಟರು.

“ಇದರಲ್ಲಿ ಚಳಿಗಾಲ ಕಾಣಿಸುತ್ತಿಲ್ಲವಲ್ಲ ಸಾರ್.”

“ಅದು ಕರಿಬೇವು ಸಾರ್.”

“ಅದು ಗೊತ್ತಾಗುತ್ತದೆ. ಸ್ವಲ್ಪ ಸ್ನೋ ಹೊಡೆಸಿಬಿಡೋಣ, ಚೆನ್ನಾಗಿ ಕಾಣುತ್ತದೆ.”

ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಹೇಳಿದ್ದರು. ಹಿತ್ತಲ ಗಿಡ ಥೀಮೂ ಅಲ್ಲ ಎಂದು ನಮ್ಮ ಸಂಘ ಸೇರಿಸಿದೆ.

ಸಂಘದ ಸೌಂದರ್ಯಪ್ರಜ್ಞೆಯನ್ನು ಹಗುರವಾಗಿ ಮಾತನಾಡಬಾರದು. ಗೇಟಿನ ಎರಡೂ ಕಡೆ ಇದ್ದ ಸಿಮೆಂಟ್ ಕುಂಡಗಳೇ ಅದಕ್ಕೆ ಸಾಕ್ಷಿ. ಜನವರಿಯಲ್ಲಿ ಅವು ಕೇಸರಿ, ಬಿಳಿ, ಹಸಿರು. ಗಣೇಶನ ಹಬ್ಬಕ್ಕೆ ಅರಿಶಿನ. ನವೆಂಬರ್ ಒಂದಕ್ಕೆ ಕೆಳಗೆ ಕೆಂಪು, ಮೇಲೆ ಹಳದಿ. ಡಿಸೆಂಬರ್‌ನಲ್ಲಿ ಹಳದಿಯನ್ನಷ್ಟೇ ಹಸಿರು ಮಾಡಿದರೆ ಕ್ರಿಸ್‌ಮಸ್ ಆಗುತ್ತಿತ್ತು. ಕೆಂಪು ಎರಡು ಹಬ್ಬಕ್ಕೂ ಆಯಿತು, ಮಿತವ್ಯಯ. ಹೋದ ವರ್ಷ ಕಾರೊಂದು ಹಿಂದಕ್ಕೆ ಬರುವಾಗ ತಾಗಿ ಒಂದು ಕುಂಡದ ಅಂಚು ಒಡೆಯಿತು. ಒಡೆದಲ್ಲಿ ಬಣ್ಣದ ಪದರಗಳು ಒಂದರ ಮೇಲೊಂದು ಚಿರೋಟಿಯಂತೆ ಕಾಣುತ್ತಿದ್ದವು. ನಮ್ಮ ಅಪಾರ್ಟ್‌ಮೆಂಟಿನ ಸರ್ವಧರ್ಮ ಸಮನ್ವಯವನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಈ ಬಾರಿ ಆ ಕುಂಡಗಳಿಗೆ ನಿವೃತ್ತಿ. ಬದಲಿಗೆ ಬಿಳಿ ಫೈಬರ್‌ನ ಇಪ್ಪತ್ನಾಲ್ಕು ಕುಂಡಗಳು ಬಂದವು. ಬುಡದಲ್ಲಿ ಚೀಟಿ: ಮೈನಸ್ 20 ಡಿಗ್ರಿಯವರೆಗೂ ಬಿರುಕು ಬಿಡುವುದಿಲ್ಲ. ದೂರದೃಷ್ಟಿ ಎಂದರೆ ಇದು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಲ್ಲಿಂದ ಇನ್ನು 27.8 ಡಿಗ್ರಿ ಇಳಿದರೂ ನಾವೆಲ್ಲ ಮರಗಟ್ಟಿ ಹೋಗಿರುತ್ತೇವೆಯೇ ಹೊರತು ಕುಂಡಗಳಿಗೆ ಏನೂ ಆಗುವುದಿಲ್ಲ.

ಕುಂಡ ಬಂದ ಮೇಲೆ ಅದರಲ್ಲಿ ಏನಿಡುವುದು ಎಂಬ ಪ್ರಶ್ನೆ. ದಸರೆ ಮುಗಿದೊಡನೆ ಮಾಲಿ ತಾತ ಹಾಕಿದ್ದ ಚೆಂಡುಹೂವು, ಸೇವಂತಿಗೆ ಆಗಷ್ಟೇ ಭರ್ತಿ ಹೂವಿಗೆ ಬಂದಿದ್ದವು. ಈ ಊರಿಗೆ ಡಿಸೆಂಬರ್ ಎಂದರೆ ಹಾಗೆಯೇ. ಹಗಲು ಇಪ್ಪತ್ತಾರು, ಇಪ್ಪತ್ತೇಳು ಡಿಗ್ರಿ, ರಾತ್ರಿ ಹದಿನಾರರ ಆಚೀಚೆ. ಕಡ್ಡಿ ಚುಚ್ಚಿದರೆ ಚಿಗುರುವ ಕಾಲ. ಅವರೆಕಾಯಿಯ ಸೊಗಡು ಬೀದಿಗೆಲ್ಲ ಹರಡುವ ಕಾಲ. ಅಂಥ ಗಿಡಗಳನ್ನು ಕಿತ್ತು, ಬೆಳ್ಳಿ ಬಣ್ಣ ಬಳಿದ ಒಣಕಡ್ಡಿಗಳನ್ನು ಕಟ್ಟು ಕಟ್ಟಾಗಿ ನೆಡಿಸಿದರು. ಕಟ್ಟಿಗೆ 1,200 ರೂಪಾಯಿಯಂತೆ. ತಾತ ಹೂವಿದ್ದ ಗಿಡಗಳನ್ನು ಕೈಗಾಡಿಯಲ್ಲಿ ಒಯ್ಯುತ್ತ ನನ್ನನ್ನು ಕಂಡು ನಿಂತರು.

“ಸ್ವಾಮಿ, ಹೂ ಬಿಟ್ಟ ಗಿಡ ಕಿತ್ತು ಒಣಕಡ್ಡಿ ನೆಡು ಎನ್ನುತ್ತಿದ್ದಾರೆ. ಒಳಗೆ ಯಾರಾದರೂ ತೀರಿಕೊಂಡರಾ?”

ಯಾರೂ ಇಲ್ಲ ತಾತ, ಹಬ್ಬ, ಎಂದೆ. ಅವರು ನಂಬಲಿಲ್ಲ.

ಒಣಕಡ್ಡಿಯ ಮೂಲ ನನಗೆ ಗೊತ್ತಾದದ್ದು ತಂಗಿಯಿಂದ. ಅವಳಿರುವುದು ಟೊರಾಂಟೊದಲ್ಲಿ. ಅಲ್ಲಿ ಚಳಿ ಬಲಿತ ಮೇಲೆ ಕುಂಡದ ಮಣ್ಣು ಇಟ್ಟಿಗೆಯಾಗುತ್ತದೆ. ನೀರು ಹೆಪ್ಪುಗಟ್ಟಿ ಹಿಗ್ಗುವುದರಿಂದ ಮಣ್ಣಿನ ಕುಂಡವನ್ನು ಹೊರಗೆ ಬಿಟ್ಟರೆ ಸೀಳುತ್ತದೆ, ಗ್ಯಾರೇಜಿಗೆ ಸಾಗಿಸಬೇಕು. ಫೈಬರ್ ಕುಂಡದಲ್ಲಿ ಸ್ಪ್ರೂಸ್ ಮರದ ಕಡಿದ ಕೊಂಬೆ, ಕೆಂಪು ತೊಗಟೆಯ ಒಂದು ಜಾತಿಯ ಕಡ್ಡಿ, ನಾಲ್ಕು ಪೈನ್ ಕಾಯಿ ಸಿಕ್ಕಿಸಿ ಬಾಗಿಲ ಬಳಿ ಇಡುತ್ತಾರೆ. “ಏನು ಮಾಡುವುದು ಅಣ್ಣ, ಏನೂ ಬೆಳೆಯುವುದಿಲ್ಲ. ತಿಂಗಳುಗಟ್ಟಲೆ ಬರೀ ಬಿಳಿ ನೋಡಿ ತಲೆ ಕೆಡುತ್ತದೆ, ಕಣ್ಣಿಗೆ ಒಂದಿಷ್ಟು ಬಣ್ಣ ಇರಲಿ ಎಂದು.” ಅವಳ ಮನೆಯಲ್ಲೂ ಒಂದು ಕರಿಬೇವಿನ ಗಿಡವಿದೆ. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಅದನ್ನು ಒಳಗೆ ತಂದು, ದಕ್ಷಿಣದ ಕಿಟಕಿಗೆ ಒರಗಿಸಿ, ಮೇಲೊಂದು ದೀಪ ಹಾಕಿ, ಬಾಣಂತಿಯಂತೆ ನೋಡಿಕೊಳ್ಳುತ್ತಾಳೆ. ಒಗ್ಗರಣೆಗೆ ಎಲೆ ಎಣಿಸಿ ಕೀಳುತ್ತಾಳೆ. ಒಮ್ಮೆ ಅಳಿಯಂದಿರು ಏಳು ಎಲೆ ಒಟ್ಟಿಗೆ ಕಿತ್ತರೆಂದು ಎರಡು ದಿನ ಮಾತು ಬಿಟ್ಟಿದ್ದಳು.

ಅಂದರೆ ಅವರದು ಇಲ್ಲದವರ ಅಲಂಕಾರ. ನಮ್ಮದು ಇದ್ದದ್ದನ್ನು ಕಿತ್ತು ಇಲ್ಲವಾಗಿಸಿಕೊಂಡವರ ಅಲಂಕಾರ. ಊಟದ ಮನೆಯಲ್ಲಿ ಕುಳಿತು ಉಪವಾಸದ ವೇಷ ಹಾಕುವುದಕ್ಕೆ ವಂತಿಗೆ ಬೇರೆ.

'ಕ್ರಿಸ್‌ಮಸ್ ಗಿಡ' ಎಂದು ನರ್ಸರಿಯವರು ಮಾರುವ ಪಾಯಿನ್‌ಸೆಟ್ಟಿಯಾದ ಕಥೆ ಇನ್ನೊಂದು. ಇದು ವಿಷಯಾಂತರ, ಆದರೆ ನನಗೆ ಇಷ್ಟವಾದ ವಿಷಯಾಂತರ. ಅದರಲ್ಲಿ ಕೆಂಪಗಿರುವುದು ಹೂವಲ್ಲ, ಎಲೆ. ನಡುವೆ ಹಳದಿ ಕಾಳಿನಂತಿರುವುದೇ ಹೂವು. ಹುಟ್ಟೂರು ಮೆಕ್ಸಿಕೋ. 1820ರ ದಶಕದಲ್ಲಿ ಅಲ್ಲಿಗೆ ಅಮೆರಿಕದ ರಾಯಭಾರಿಯಾಗಿ ಹೋದ ಜೋಯಲ್ ಪಾಯಿನ್‌ಸೆಟ್ ಅದನ್ನು ತನ್ನೂರಿಗೆ ಕಳಿಸಿದ, ಗಿಡಕ್ಕೆ ಅವನ ಹೆಸರೇ ಬಿತ್ತು. ಆತ ಮೆಕ್ಸಿಕೋದ ಒಳ ವ್ಯವಹಾರಗಳಿಗೆ ಎಷ್ಟು ಕೈ ಹಾಕಿದನೆಂದರೆ, ಕೇಳದೆ ಮೂಗು ತೂರಿಸುವ ಅಧಿಕಪ್ರಸಂಗಕ್ಕೆ ಅಲ್ಲಿನವರು 'ಪಾಯಿನ್‌ಸೆಟ್ಟಿಸ್ಮೊ' ಎಂದು ಹೆಸರಿಟ್ಟರು; ಕೊನೆಗೆ ವಾಪಸ್ ಕರೆಸಿಕೊಳ್ಳಿ ಎಂದರು. ವಾಪಸ್ ಕರೆಸಿಕೊಳ್ಳುವ ಅವಕಾಶ ನಮ್ಮ ಸಂಘದ ಬೈಲಾದಲ್ಲಿ ಇದೆಯೇ ಎಂದು ಹುಡುಕಿದೆ. ಇಲ್ಲ.

ಈ ಗಿಡಕ್ಕೆ ಒಂದು ಹಟವಿದೆ. ಎಲೆ ಕೆಂಪಾಗಬೇಕಾದರೆ ವಾರಗಟ್ಟಲೆ ಉದ್ದನೆಯ, ಅಖಂಡ ಕತ್ತಲು ಬೇಕು. ನಡುರಾತ್ರಿ ಬೆಳಕು ಬಿದ್ದರೆ ಮುನಿಸಿಕೊಂಡು ಹಸಿರಾಗಿಯೇ ಉಳಿಯುತ್ತದೆ. ಸಂಘದವರು ಹೋದ ವರ್ಷದ ಹನ್ನೆರಡು ಗಿಡಗಳನ್ನು ಉಳಿಸಿಕೊಂಡಿದ್ದರು. ಅಕ್ಟೋಬರ್‌ನಿಂದಲೇ ಅವುಗಳ ಮೇಲೆ ಫೋಕಸ್ ಲೈಟ್ ಬಿಟ್ಟರು, ಸಂಜೆ ಆರರಿಂದ ಬೆಳಗಿನ ಆರರವರೆಗೆ, ಅವು ಕೆಂಪಾದಾಗ ಎಲ್ಲರಿಗೂ ಕಾಣಲೆಂದು. ಡಿಸೆಂಬರ್ ಇಪ್ಪತ್ತಾದರೂ ಹಸಿರು. ಗೊಬ್ಬರ ಹಾಕಿದರು, ಹಸಿರು. ಇನ್ನೊಂದು ಲೈಟ್ ಹಾಕಿದರು, ಕಡು ಹಸಿರು. ಕೊನೆಗೆ ಪೇಂಟರ್ ಬಂದ. ಜನರೇಟರ್ ಕೋಣೆಯ ಹಿಂದೆ, ಯಾರೂ ಹೋಗದ ಮೂಲೆಯಲ್ಲಿ, ಮುರಿದ ಕುಂಡದಲ್ಲಿ ಬಿಸಾಡಿದ್ದ ಹದಿಮೂರನೆಯ ಗಿಡ ಮಾತ್ರ ರಕ್ತಗೆಂಪಾಗಿ ನಿಂತಿತ್ತು. ಅದನ್ನು ನಾನು ಯಾರಿಗೂ ಹೇಳಿಲ್ಲ. ಹೇಳಿದರೆ ಅಲ್ಲಿಗೂ ಲೈಟ್ ಬರುತ್ತದೆ.

ಬೆಳಕಿನ ಮಾತು ಬಂತು. ರಸ್ತೆಗಳನ್ನು ಈ ಸಲವೂ ನೋಡಿದಿರಲ್ಲ. 1905ರಲ್ಲಿ ಶಿವನಸಮುದ್ರದ ಕರೆಂಟು ಬಂದು ಈ ಊರಿನ ಬೀದಿಯಲ್ಲಿ ದೀಪ ಹತ್ತಿದಾಗ ಜನ ಬೆರಗಾಗಿದ್ದರಂತೆ. ಈಗ ಬೆರಗಾಗುವ ಸರದಿ ಮರಗಳದು. ನಮ್ಮ ಬೀದಿಯ ಮಳೆಮರ ಸಂಜೆಯಾದರೆ ಎಲೆ ಮಡಚಿ ಮಲಗುವ ಸಾಧು. ಅದರ ಮೈಗೆ ಬುಡದಿಂದ ಕೊಂಬೆಯವರೆಗೆ ನೀಲಿ ಸೀರಿಯಲ್ ಸೆಟ್ ಸುತ್ತಿ, ಅಲ್ಲಲ್ಲಿ ಮೊಳೆ ಹೊಡೆದು, ಅದರ ಕೆಳಗೇ 'ಹಸಿರೇ ಉಸಿರು' ಎಂಬ ಫಲಕ ನೇತುಹಾಕಿದ್ದಾರೆ. ಫಲಕಕ್ಕೂ ಎರಡು ಮೊಳೆ.

ಇಷ್ಟೆಲ್ಲದರ ನಡುವೆ ಕ್ರಿಸ್‌ಮಸ್ ಆಚರಿಸುವವರನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಮ್ಮ ಬ್ಲಾಕಿನಲ್ಲಿ ಕ್ರೈಸ್ತರ ಮನೆ ಒಂದೇ, ನಾಲ್ಕನೇ ಮಹಡಿಯ ಟೀಚರದು. ಮಂಗಳೂರು ಕಡೆಯವರು, ನಿವೃತ್ತರು. ಪ್ರತಿವರ್ಷ ಹನ್ನೆರಡು ದಿನ ಮೊದಲೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲುತ್ತಾರೆ. ಹಬ್ಬದ ಹೊತ್ತಿಗೆ ಬೆರಳುದ್ದ ಪೈರು. ಯೇಸು ಹುಟ್ಟಿದ ದೃಶ್ಯ ತೋರಿಸುವ ಗೋದಲಿಗೆ ಅದೇ ಹುಲ್ಲುಗಾವಲು. ಅದರಲ್ಲಿ ಅವರ ತಾಯಿಯ ಕಾಲದ ಮಣ್ಣಿನ ಬೊಂಬೆಗಳು, ಕಿವಿ ಮುರಿದ ಕತ್ತೆ, ಪಕ್ಕದಲ್ಲಿ ಸರ್ವೆ ಮರದ ಒಂದು ಕೊಂಬೆ, ಮೇಲೊಂದು ಕಾಗದದ ನಕ್ಷತ್ರ. ಈ ಸಲ ಕೆಳಗಿನ ಲಾಬಿಯಲ್ಲಿ ಇಡಲೇ ಎಂದು ಟೀಚರೇ ಕೇಳಿದರಂತೆ. “ತುಂಬಾ ಚೆನ್ನಾಗಿದೆ ಟೀಚರ್, ಆದರೆ ಥೀಮ್‌ಗೆ ಮಣ್ಣು ಬರುವುದಿಲ್ಲ. ಹಿಮದ ನಡುವೆ ಹಸಿರು ಪೈರು ಸಹಜವಾಗಿ ಕಾಣುವುದಿಲ್ಲ” ಎಂದರಂತೆ ಕಾರ್ಯದರ್ಶಿಗಳು. ಬೆತ್ಲೆಹೆಮ್ ಸಮುದ್ರಮಟ್ಟದಿಂದ ಸುಮಾರು 775 ಮೀಟರ್ ಎತ್ತರದಲ್ಲಿದೆ, ಬೆಂಗಳೂರು 900 ಮೀಟರಿಗೂ ಮೇಲೆ. ಅಲ್ಲಿ ಹಿಮ ಬೀಳುವುದೇ ಅಪರೂಪ. ಕುರಿ ಮೇಯುವ ಊರದು, ಹಿಮಸಾರಂಗದ್ದಲ್ಲ. ಟೀಚರು ಇದನ್ನೆಲ್ಲ ವಾದಿಸಲಿಲ್ಲ. ತಟ್ಟೆಯನ್ನು ವಾಪಸ್ ಒಯ್ದರು. ಇಪ್ಪತ್ತನಾಲ್ಕರ ರಾತ್ರಿ ನಾವು ಹೋದಾಗ ಕುಸ್ವಾರ್ ಎಂಬ ಹಬ್ಬದ ತಿಂಡಿ ಕೊಟ್ಟರು, ಲಾಬಿಯ ಮಾತೇ ಎತ್ತಲಿಲ್ಲ.

ಇಲ್ಲಿಯವರೆಗೆ ನಕ್ಕೆ. ಮುಂದಿನದಕ್ಕೆ ನಗು ಬರುತ್ತಿಲ್ಲ.

ಇಪ್ಪತ್ತೈದರ ಸಂಜೆ ನೊರೆ ಕಾರುವ ಯಂತ್ರ ತಂದು ಮೂರು ಗಂಟೆ ಹಿಮ ಸುರಿಸಿದರು. ನೀರು ಟ್ಯಾಂಕರಿನದು. 2024ರ ಮಾರ್ಚ್‌ನಲ್ಲಿ ಇದೇ ಊರಿನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶವಾಗಿತ್ತು. ಬೋರ್‌ವೆಲ್ ಬತ್ತಿ, ಬಕೆಟ್ ಹಿಡಿದು ಸಂಪಿನ ಬಳಿ ನಿಂತವರು ನಾವೇ. ಅಕ್ಕಿ ತೊಳೆದ ನೀರನ್ನು ಕರಿಬೇವಿಗೆ ಹಾಕಿ ಬದುಕಿಸಿಕೊಂಡವರು ನಾವೇ. ಅಷ್ಟು ಬೇಗ ಮರೆಯಲು ಹೇಗೆ ಸಾಧ್ಯವಾಯಿತು? ನೊರೆ ಸಾಲದೆಂದು ಥರ್ಮೋಕೋಲ್ ಕಾಳನ್ನು ಚೀಲಗಟ್ಟಲೆ ಚೆಲ್ಲಿದರು. ಜನವರಿ ಎರಡರ ಬೆಳಿಗ್ಗೆ ಕಸ ಗುಡಿಸುವ ಇಬ್ಬರು ಹೆಂಗಸರು ಅದನ್ನು ಗುಡಿಸುತ್ತಿದ್ದರು. ಪೊರಕೆ ಬೀಸಿದರೆ ಹಾರುತ್ತದೆ, ನೀರು ಹಾಕಿದರೆ ತೇಲುತ್ತದೆ. ಕುಕ್ಕರುಗಾಲಲ್ಲಿ ಕುಳಿತು ಒದ್ದೆ ಬಟ್ಟೆಯಲ್ಲಿ ಒತ್ತಿ ಒತ್ತಿ ಎತ್ತುತ್ತಿದ್ದರು. ಅದಕ್ಕೆ ಹೆಚ್ಚಿನ ಕೂಲಿ ಕೊಟ್ಟಿರಾ ಎಂದು ಕಾರ್ಯದರ್ಶಿಗಳನ್ನು ಕೇಳಿದೆ. ಅದು ಅವರ ಕೆಲಸದಲ್ಲೇ ಬರುತ್ತದೆ ಸಾರ್ ಎಂದರು. ಅವರು ಕೈಯಲ್ಲಿ ಎತ್ತಲಾರದೆ ಉಳಿದದ್ದು ಮೊದಲ ಮಳೆಗೆ ಮೋರಿ ಸೇರುತ್ತದೆ, ಮೋರಿಯಿಂದ ಕೆರೆ. ಆಮೇಲೆ ಕೆರೆ ಉಳಿಸಿ ಎಂದು ಮಕ್ಕಳಿಂದ ಚಿತ್ರ ಬರೆಸಿ ಬಹುಮಾನ ಕೊಡುತ್ತೇವೆ. ಸಾಕಾಗಿ ಹೋಗಿದೆ.

ಅತ್ಯುತ್ತಮ ಕುಂಡದ ಬಹುಮಾನ ಕಾರ್ಯದರ್ಶಿಗಳ ಮನೆಗೇ ಬಂತು. ಅದನ್ನೇನು ಬರೆಯುವುದು.

ನಮ್ಮ ಕರಿಬೇವಿಗೆ ನಾನು ಊರಿನಲ್ಲಿಲ್ಲದ ದಿನ ಸ್ಪ್ರೇ ಹೊಡೆದು ಹೋಗಿದ್ದರು. ಸೊಸೈಟಿಯವರು ಬಂದಿದ್ದಾರೆ, ಹೇಗೆ ಬೇಡ ಎನ್ನುವುದು ಎಂದು ನನ್ನವಳು ಬಾಗಿಲು ತೆಗೆದಿದ್ದಳು. ಬಿಳಿ ಪುಡಿ ಎಲೆಗೆ ಸುಣ್ಣದಂತೆ ಕಚ್ಚಿಕೊಂಡಿತ್ತು. ಮೂರು ನೀರಿನಲ್ಲಿ ತೊಳೆದರೂ ಜಾರಲಿಲ್ಲ. ಸಾರಿನ ಒಗ್ಗರಣೆಗೆ ಅಂಗಡಿಯಿಂದ ಹತ್ತು ರೂಪಾಯಿಯ ಕರಿಬೇವು ತಂದೆ. ಸಂಕ್ರಾಂತಿಯ ಹೊತ್ತಿಗೆ ಎಲೆಗಳು ಕಂದಿ, ಮುಟ್ಟಿದರೆ ಉದುರತೊಡಗಿದವು.

ಹಬ್ಬದ ದಿನ ತಂಗಿ ವಿಡಿಯೊ ಕರೆ ಮಾಡಿದಳು. ಅವಳ ಹಿಂದಿನ ಕಿಟಕಿಯಾಚೆ ಮೊಣಕಾಲುದ್ದ ಹಿಮ, ಕಿಟಕಿಯೀಚೆ ಹಸಿರಾಗಿ ಹೊಳೆಯುವ ಕರಿಬೇವು. ನಮ್ಮ ಗಿಡ ತೋರಿಸು ಎಂದಳು. ಬಾಲ್ಕನಿಗೆ ಹೋಗಿ ತೋರಿಸಿದೆ. ಒಂದು ಕ್ಷಣ ದಿಟ್ಟಿಸಿ ನೋಡಿದಳು.

“ಅಯ್ಯೋ ಅಣ್ಣ, ಇದಕ್ಕೆ ಹಿಮ ಬಡಿದಿದೆ. ಒಳಗೆ ಇಟ್ಟುಕೊಳ್ಳಬಾರದಿತ್ತೇ?”