ಅಗ್ಗದ ಇಂಜಿನ್‌ಗೆ ಒಂದು ಮೀಟರ್ ಪರೀಕ್ಷೆ

ಕಳೆದ ಶನಿವಾರ ಇಂಗ್ಲೆಂಡಿನ ಲೀಡ್ಸ್ ಹತ್ತಿರದ ಒಂದು ಚರ್ಚ್ ಹಾಲ್‌ನಲ್ಲಿ ಮಾಡೆಲ್ ರೈಲಿನವರ ಸಂತೆ ಇತ್ತು. ಒಳಗೆ ಹೋಗಲು ಎರಡು ಪೌಂಡ್. ಹಿಂದಿನ ಕೋಣೆಯಲ್ಲಿ ಟೀ, ಮನೆಯಲ್ಲಿ ಮಾಡಿ ತಂದ ಕೇಕ್. ಒಂದು ಮೇಜಿನ ಮೇಲೆ ಹಳೇ ಇಂಜಿನ್‌ಗಳನ್ನು ಜೋಡಿಸಿಟ್ಟಿದ್ದರು. ನನ್ನ ಮುಂದೆ ನಿಂತಿದ್ದವರು ಒಂದು ಪುಟ್ಟ ಟ್ಯಾಂಕ್ ಇಂಜಿನ್ (ನೀರಿನ ತೊಟ್ಟಿ ಮೈಮೇಲೇ ಹೊತ್ತ ಇಂಜಿನ್) ಎತ್ತಿಕೊಂಡು "ಓಡುತ್ತಾ?" ಅಂತ ಕೇಳಿದರು. ಮಾರುವವರು ಅದನ್ನು ಅರ್ಧ ಮೀಟರ್ ಹಳಿ ತುಂಡಿನ ಮೇಲಿಟ್ಟು ಕಂಟ್ರೋಲರ್ ಗುಂಡಿ ಪೂರ್ತಿ ತಿರುಗಿಸಿದರು. ಇಂಜಿನ್ ಝರ್ ಅಂತ ಹೋಗಿ ಆ ತುದಿಗೆ ಢಿಕ್ಕಿ ಹೊಡೆಯಿತು. ಇಬ್ಬರಿಗೂ ಖುಷಿ. 25 ಪೌಂಡ್ ಕೈ ಬದಲಾಯಿತು.

ಆ ಪರೀಕ್ಷೆಯಿಂದ ತಿಳಿದದ್ದು ಇಷ್ಟೇ: ಮೋಟರ್ ಸುಟ್ಟಿಲ್ಲ. ಇಂಜಿನ್ ಹೇಗೆ ನಡೆಯುತ್ತದೆ ಅನ್ನೋದು ಕೊಟ್ಟವರಿಗೂ ಗೊತ್ತಿಲ್ಲ, ಕೊಂಡವರಿಗೂ ಗೊತ್ತಿಲ್ಲ.

ಈ ಹವ್ಯಾಸ ಗೊತ್ತಿಲ್ಲದವರಿಗೆ ಎರಡು ಮಾತು. ಬ್ರಿಟನ್ನಿನಲ್ಲಿ ಜಾಸ್ತಿ ಜನ ಇಟ್ಟುಕೊಳ್ಳುವುದು 'ಓಓ' ಅಳತೆಯ ರೈಲು. ನಿಜವಾದ ಇಂಜಿನ್‌ನ 76ನೇ ಒಂದು ಭಾಗ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. (ಲೆಕ್ಕದ ಪ್ರಕಾರ ಅದು 19ರ ಹತ್ತಿರ ಇರಬೇಕಿತ್ತು. ಅದು ಬೇರೆಯೇ ಜಗಳ, ಇವತ್ತು ಬೇಡ.) ಎರಡು ಹಳಿಗಳಲ್ಲಿ 12 ವೋಲ್ಟ್ ಡಿಸಿ ಕರೆಂಟ್ ಹರಿಯುತ್ತದೆ. ಗಾಲಿ ಅದನ್ನು ಎತ್ತಿಕೊಂಡು ಮೋಟರಿಗೆ ಕೊಡುತ್ತದೆ. ನೋಡೋಕೆ ಸ್ಟೀಮ್ ಇಂಜಿನ್, ಹೊಟ್ಟೆಯೊಳಗೆ ಮಾತ್ರ ಹೆಬ್ಬೆರಳು ಗಾತ್ರದ ಮೋಟರ್. ಇದರಲ್ಲಿ ಇನ್ನೂರು ಪೌಂಡ್ ದಾಟಿದವೂ ಇವೆ. ಹಾರ್ನ್‌ಬಿ ಕಂಪನಿಯವರ 'ರೈಲ್‌ರೋಡ್' ತರಹ ಕಮ್ಮಿ ಬೆಲೆಗೆ ಅಂತಲೇ ಮಾಡಿದವೂ ಇವೆ. ನನ್ನ ಮಾತು ಈ ಎರಡನೇ ಗುಂಪಿನ ಬಗ್ಗೆ.

ನನ್ನ ಪರೀಕ್ಷೆ ತುಂಬಾ ಸರಳ. ಒಂದು ಮೀಟರ್ ನೇರ ಹಳಿ, ಕೈಯಲ್ಲಿ ಮೊಬೈಲ್ ಸ್ಟಾಪ್‌ವಾಚ್. ಇಂಜಿನ್ ನಿಲ್ಲದೆ ಎಷ್ಟು ನಿಧಾನಕ್ಕೆ ಹೋಗಬಲ್ಲದೋ ಅಷ್ಟು ನಿಧಾನಕ್ಕೆ ಬಿಡಿ. ಮೀಟರ್ ದಾಟಲು ಎಷ್ಟು ಸೆಕೆಂಡ್ ಆಯಿತು ನೋಡಿ. 274ನ್ನು (ಅಳತೆಯ 76 ಗುಣಿಸು 3.6, ಸೆಕೆಂಡಿಗೆ ಮೀಟರನ್ನು ಗಂಟೆಗೆ ಕಿಲೋಮೀಟರ್ ಮಾಡುವ ಲೆಕ್ಕ) ಆ ಸೆಕೆಂಡ್‌ಗಳಿಂದ ಭಾಗಿಸಿದರೆ, ನಿಜವಾದ ಇಂಜಿನ್ ಆಗಿದ್ದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅನ್ನೋದು ಸಿಗುತ್ತದೆ. ಹತ್ತು ಸೆಕೆಂಡ್ ಅಂದರೆ 27 ಕಿಲೋಮೀಟರ್. ಐವತ್ತೈದು ಸೆಕೆಂಡ್ ಅಂದರೆ ಐದು, ಮನುಷ್ಯ ನಡೆಯುವ ವೇಗ.

ಚರ್ಚ್ ಹಾಲ್‌ನಲ್ಲಿ ಆ ಪುಟಾಣಿ ಅರ್ಧ ಮೀಟರನ್ನು ಹೆಚ್ಚುಕಡಿಮೆ ಅರ್ಧ ಸೆಕೆಂಡಿನಲ್ಲಿ ಮುಗಿಸಿತ್ತು. ಅಂದರೆ ಗಂಟೆಗೆ 274 ಕಿಲೋಮೀಟರ್. ಸ್ಟೀಮ್ ಇಂಜಿನ್‌ಗಳ ವಿಶ್ವದಾಖಲೆ ಇರುವುದು 'ಮಲ್ಲಾರ್ಡ್' ಹೆಸರಿನಲ್ಲಿ. 1938ರ ಜುಲೈ 3ರಂದು ಇಂಗ್ಲೆಂಡಿನ ಸ್ಟೋಕ್ ಬ್ಯಾಂಕ್ ಇಳಿಜಾರಿನಲ್ಲಿ ಅದು ಮುಟ್ಟಿದ್ದು 126 ಮೈಲಿ, ಸುಮಾರು 203 ಕಿಲೋಮೀಟರ್. ಆ ಇಂಜಿನ್ ಈಗ ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂನಲ್ಲಿದೆ, ಮುಂದೆ ನಿಂತರೆ ಕತ್ತು ನೋಯುತ್ತದೆ. ಗೂಡ್ಸ್ ಯಾರ್ಡಿನಲ್ಲಿ ಡಬ್ಬಿ ತಳ್ಳುವ ನಾಲ್ಕು ಗಾಲಿಯ ಇಂಜಿನ್ ಅದನ್ನೂ ಮೀರಿಸಿ 70 ಕಿಲೋಮೀಟರ್ ಜಾಸ್ತಿ ಓಡುವುದನ್ನು ನೋಡಿ 'ಚೆನ್ನಾಗಿ ಓಡುತ್ತೆ' ಅಂದರೆ ಏನು ಹೇಳೋಣ?

ನಾನು ಹುಟ್ಟಿದ್ದು ಅರಸೀಕೆರೆಯಲ್ಲಿ. ಮೀಟರ್ ಗೇಜ್ ಕಾಲದ 'ವೈಪಿ' ಅನ್ನೋ ಸ್ಟೀಮ್ ಇಂಜಿನ್ ಹೊರಡುವುದನ್ನು ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿದವನು. ಮೊದಲು ಒಂದು ಉಸಿರು. ಆಮೇಲೆ ಗಾಲಿ ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು. ಆಮೇಲೆ ಎರಡನೇ ಉಸಿರು. ಹಾಗೆ ಹೊರಡದ ಮಾಡೆಲ್ ನನಗೆ ಆಟದ ಕಾರಿನ ತಮ್ಮ.

ಸರಿ, ನಿಧಾನವಾಗಿ ಹೋಗುವುದು ಯಾಕೆ ಇಷ್ಟು ಕಷ್ಟ? ಮೊದಲು ಮೋಟರ್. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಮೂರು ಪೋಲ್ ಮೋಟರ್ ಇರುತ್ತದೆ. ಅಂದರೆ ಒಳಗೆ ಸುತ್ತುವ ಭಾಗಕ್ಕೆ, ಆರ್ಮೇಚರ್‌ಗೆ, ಮೂರೇ ತೋಳು. ವೇಗವಾಗಿ ಸುತ್ತುವಾಗ ಏನೂ ಗೊತ್ತಾಗುವುದಿಲ್ಲ. ನಿಧಾನ ಮಾಡಿದರೆ ಒಂದು ತೋಳಿನಿಂದ ಇನ್ನೊಂದಕ್ಕೆ ಎಗರುವುದು ಕಾಣುತ್ತದೆ. ಐದು ಪೋಲ್ ಇದ್ದರೆ ಎಗರುವ ದೂರ ಕಮ್ಮಿ, ನಡಿಗೆ ನಯ. ಆದರೆ ಪೋಲ್ ಎಣಿಸಿಯೇ ತೀರ್ಪು ಕೊಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಗೇರ್ ಸರಿ ಇದ್ದರೆ ಮೂರು ಪೋಲ್ ಮೋಟರೂ ಮರ್ಯಾದೆಯಿಂದ ನಡೆಯುತ್ತದೆ. ಮೋಟರ್ ಇಪ್ಪತ್ತು ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ಬರುವುದಕ್ಕೂ, ನಲವತ್ತು ತಿರುಗಿದಾಗ ಒಂದು ಸುತ್ತು ಬರುವುದಕ್ಕೂ ಅಜಗಜಾಂತರ. ಎರಡನೆಯದರಲ್ಲಿ ಮೋಟರ್ ತನಗೆ ಹಿತವಾದ ವೇಗದಲ್ಲೇ ತಿರುಗುತ್ತಿರುತ್ತದೆ, ಇಂಜಿನ್ ಮಾತ್ರ ಮೊದಲನೆಯದರ ಅರ್ಧ ವೇಗಕ್ಕೆ ಇಳಿದಿರುತ್ತದೆ.

ಎರಡನೆಯದು ಕರೆಂಟ್. ಅಗ್ಗದ ಪುಟಾಣಿಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ. ನಾಲ್ಕು ಗಾಲಿ ಅಂದರೆ ಒಂದೊಂದು ಹಳಿಯ ಮೇಲೆ ಎರಡೇ ಗಾಲಿ. ಹಳಿ ಕವಲೊಡೆಯುವ ಪಾಯಿಂಟ್ಸ್‌ನಲ್ಲಿ, ಎರಡು ಹಳಿ ಒಂದನ್ನೊಂದು ದಾಟುವ ಜಾಗಕ್ಕೆ 'ಫ್ರಾಗ್' ಅನ್ನುತ್ತಾರೆ. ಸಾಮಾನ್ಯ ಸೆಟ್‌ಗಳಲ್ಲಿ ಆ ತುಂಡು ಪ್ಲಾಸ್ಟಿಕ್, ಕರೆಂಟ್ ಇಲ್ಲ. ಒಂದು ಗಾಲಿ ಅದರ ಮೇಲೆ ಹೋದಾಗ ಆ ಕಡೆಯ ಇನ್ನೊಂದು ಗಾಲಿಯೇ ಗತಿ. ಆ ಇನ್ನೊಂದಕ್ಕೆ ಹಿಡಿತಕ್ಕಾಗಿ ರಬ್ಬರ್ ಬಳೆ ತೊಡಿಸಿದ್ದರೆ? ರಬ್ಬರಿನಲ್ಲಿ ಕರೆಂಟ್ ಬರುತ್ತಾ? ಮುಗಿಯಿತು, ಇಂಜಿನ್ ಅಲ್ಲೇ ಕಲ್ಲು. ನೀವು ಬೆರಳಲ್ಲಿ ತಳ್ಳಬೇಕು. ಈ ರಬ್ಬರ್ ಬಳೆ ಇದ್ದರೆ ಎರಡು ಡಬ್ಬಿ ಜಾಸ್ತಿ ಎಳೆಯುತ್ತದೆ ನಿಜ. ಅದರ ಬದಲು ಒಳಗೆ ಒಂದು ಸೀಸದ ತುಂಡು ಇಟ್ಟು ತೂಕ ಹೆಚ್ಚಿಸಿದ್ದರೆ ಎಳೆತವೂ ಸಿಗುತ್ತಿತ್ತು, ಕರೆಂಟೂ ಉಳಿಯುತ್ತಿತ್ತು.

ಆದ್ದರಿಂದ ನನ್ನ ಎರಡನೇ ಪರೀಕ್ಷೆ ಪಾಯಿಂಟ್ಸ್ ಮೇಲೆ. ಅದೇ ಆಮೆ ವೇಗದಲ್ಲಿ, ಎರಡೂ ದಿಕ್ಕಿನಲ್ಲಿ, ನೇರ ದಾರಿ, ಕವಲು ದಾರಿ ಎರಡರಲ್ಲೂ.

ಈಗ ಇಂಜಿನ್‌ಗಳ ಪರವಾಗಿ ಸ್ವಲ್ಪ ವಾದ ಮಾಡುತ್ತೇನೆ. ಡಬ್ಬಿಯಿಂದ ತೆಗೆದು ಐದೇ ನಿಮಿಷದಲ್ಲಿ 'ದರಿದ್ರ ಇಂಜಿನ್' ಅನ್ನುವವರೂ ಇದ್ದಾರೆ. ನಾನೂ ಅಂದಿದ್ದೇನೆ. ನಾಲ್ಕು ವರ್ಷದ ಹಿಂದೆ ಒಂದು ಅಗ್ಗದ ಆರು ಗಾಲಿ ಇಂಜಿನ್ ತಂದೆ. ಯಾರದ್ದು ಅನ್ನೋದು ಬೇಡ. ಅಡುಗೆಮನೆ ಮೇಜಿನ ಮೇಲೆ ಬಿಟ್ಟರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ನಿಲ್ಲುತ್ತಿತ್ತು. ಅಂಗಡಿಗೆ ವಾಪಸ್ ಮಾಡಲು ಪ್ಯಾಕ್ ಮಾಡುತ್ತಿದ್ದೆ. ನನ್ನವಳು ಬಂದು ಹಳಿಯ ಮೇಲೆ ಬೆರಳಾಡಿಸಿ "ಇದೇನ್ರೀ, ಒಗ್ಗರಣೆ ಎಣ್ಣೆ ಜಿಡ್ಡು ಇದೆಯಲ್ಲ" ಅಂದಳು. ಬೆರಳು ಕಪ್ಪಗಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಹಳಿ, ಗಾಲಿ ಎರಡನ್ನೂ ಒರೆಸಿದೆ. ಇಂಜಿನ್ ಸುಮ್ನೆ ನಡೆಯಿತು.

ಅವತ್ತಿನಿಂದ ಒಂದು ಅಭ್ಯಾಸ. ಎಲ್ಲಿ ಎಡವುತ್ತದೆ, ಎಷ್ಟು ಸಲ ಎಡವುತ್ತದೆ ಅಂತ ಮೊದಲು ನೋಡುತ್ತೇನೆ. ಪ್ರತಿ ಸುತ್ತಿನಲ್ಲೂ ಹಳಿಯ ಅದೇ ಜಾಗದಲ್ಲಿ ನಿಂತರೆ ತಪ್ಪು ಸಾಮಾನ್ಯವಾಗಿ ಹಳಿಯದು. ಇನ್ನೊಂದು ಇಂಜಿನ್ ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಗಾಲಿ ಒಂದು ಸುತ್ತು ಬಂದಾಗ ಸರಿಯಾಗಿ ಒಂದು ಸಲ ಕುಂಟಿದರೆ ಗಾಲಿ ಅಥವಾ ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ರಾಡ್‌ನ ತೊಂದರೆ. ರಾಡ್ ಸಿಕ್ಕಿಸುವ ಜಾಗಕ್ಕೆ ಕ್ರ್ಯಾಂಕ್ ಅನ್ನುತ್ತಾರೆ. ಎಡಗಡೆ ಗಾಲಿಯ ಕ್ರ್ಯಾಂಕ್‌ಗೂ ಬಲಗಡೆಯದಕ್ಕೂ 90 ಡಿಗ್ರಿ ವ್ಯತ್ಯಾಸ ಇಡುತ್ತಾರೆ. ಎಲ್ಲ ಜೋಡಿ ಗಾಲಿಗಳಲ್ಲೂ ಅದು ಒಂದೇ ಸಮ ಇರಬೇಕು. ಒಂದು ಗಾಲಿ ಕೂದಲೆಳೆ ಜಾರಿದರೂ ರಾಡ್ ಬಿಗಿಯುತ್ತದೆ, ಇಂಜಿನ್ ಕುಂಟುತ್ತದೆ. ಅದು ಮಾತ್ರ ತಯಾರಿಸಿದವರ ತಪ್ಪು. ಮುಲಾಜಿಲ್ಲದೆ ವಾಪಸ್ ಕೊಡಿ. ಗಾಲಿಯ ಒಂದು ಸುತ್ತಿನಲ್ಲಿ ಹತ್ತಾರು ಸಣ್ಣ ನಡುಕ ಇದ್ದರೆ ಮೋಟರಿನ ಗುಣ. ಸ್ವಲ್ಪ ಓಡಿಸಿದ ಮೇಲೆ ಎಷ್ಟೋ ಕಮ್ಮಿಯಾಗಬಹುದು.

ಓಡಿಸುವುದು ಅಂದರೆ ಡಬ್ಬಿ ಜೋಡಿಸದೆ, ಮಧ್ಯಮ ವೇಗದಲ್ಲಿ, ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ. ಹೊಸ ಚಪ್ಪಲಿ ಕಾಲಿಗೆ ಒಗ್ಗಿದ ಹಾಗೆ ಮೋಟರಿಗೆ ಕರೆಂಟ್ ಮುಟ್ಟಿಸುವ ಬ್ರಷ್, ಗೇರ್ ಒಗ್ಗುತ್ತವೆ. ಎಣ್ಣೆ ಬೇಕಿದ್ದರೆ ಸೂಜಿ ಮೊನೆಯಲ್ಲಿ ಒಂದು ಹನಿ, ಅದೂ ಪ್ಲಾಸ್ಟಿಕ್ಕಿಗೆ ಹೊಂದುವ ಎಣ್ಣೆ. ಕೊಬ್ಬರಿ ಎಣ್ಣೆ ಹಾಕಿದವರೊಬ್ಬರನ್ನು ನಾನು ಬಲ್ಲೆ. ಇಂಗ್ಲೆಂಡಿನ ಡಿಸೆಂಬರ್‌ನಲ್ಲಿ ಅದು ಏನಾಯಿತು ಅನ್ನೋದನ್ನು ನೀವೇ ಊಹಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಇಂಜಿನ್ ನೆಟ್ಟಗೆ ನಡೆಯದಿದ್ದರೆ? ಆಗ ಯಾರಾದರೂ ಒಬ್ಬರು ಬಂದು "ಅಷ್ಟು ದುಡ್ಡಿಗೆ ಇನ್ನೇನು ಬೇಕು" ಅನ್ನುತ್ತಾರೆ. ಈ ಮಾತಿಗೆ ನನಗೆ ಮೈ ಉರಿಯುತ್ತದೆ. ಕಮ್ಮಿ ಬೆಲೆಗೆ ಕೊಡಬೇಕು ಅಂದರೆ ಏನಾದರೂ ಬಿಡಲೇಬೇಕು, ಒಪ್ಪುತ್ತೇನೆ. ಕೈಹಿಡಿಯ ಕಂಬಿಗಳನ್ನು ಬೇರೆ ತಂತಿಯಲ್ಲಿ ಮಾಡದೆ ಬಾಡಿಯ ಅಚ್ಚಿನಲ್ಲೇ ಎರಕ ಹೊಯ್ಯಿರಿ. ಡ್ರೈವರ್ ಕೋಣೆಯೊಳಗೆ ಗೇಜ್‌ಗಳಿಗೆ ಬಣ್ಣ ಬೇಡ. ಮೂರಡಿ ದೂರದಿಂದ ಯಾರಿಗೆ ಕಾಣುತ್ತದೆ? ಆದರೆ ಇನ್ನೆರಡು ಗಾಲಿಗೆ ಕರೆಂಟ್ ಎತ್ತುವ ಪಟ್ಟಿ, ಒಂದು ಚೂರು ತೂಕ, ಹಲ್ಲು ಜಾಸ್ತಿ ಇರುವ ಒಂದು ಗೇರ್, ಇವು ಇಂಜಿನ್ನಿನ ಬೆಲೆಯಲ್ಲಿ ದೊಡ್ಡ ಪಾಲಲ್ಲ. ಬೆಲೆ ನೋಡಿ ರೂಪಕ್ಕೆ ರಿಯಾಯಿತಿ ಕೊಡುತ್ತೇನೆ, ನಡಿಗೆಗೆ ಕೊಡುವುದಿಲ್ಲ. ಯಾಕೆಂದರೆ ಅಗ್ಗದ ಇಂಜಿನ್ ಹೋಗುವುದು ಮಕ್ಕಳ ಕೈಗೆ. ಪಾಯಿಂಟ್ಸ್ ಮೇಲೆ ಹತ್ತು ಸಲ ನಿಂತರೆ ಆ ಮಗು ಹನ್ನೊಂದನೇ ಸಲ ಟ್ಯಾಬ್ ಎತ್ತಿಕೊಳ್ಳುತ್ತದೆ.

ಇದನ್ನೆಲ್ಲ ಬರೆಯಲು ಕಾರಣ ಮಿಲ್ಟನ್ ಕೀನ್ಸ್‌ನಲ್ಲಿರುವ ನನ್ನ ಶಿವಮೊಗ್ಗದ ಗೆಳೆಯ. ಎಂಟು ವರ್ಷದ ಮಗಳಿಗೆ ಮೊನ್ನೆ ಒಂದು ಅಗ್ಗದ ಸೆಟ್ ತಂದ. "ಮಾರಾಯ, ಇದು ಒಳ್ಳೇದಾ ಕೆಟ್ಟದಾ ಹೇಳು" ಅಂತ ಜೋರಾಗಿ ಓಡುವ ವಿಡಿಯೋ ಕಳಿಸಿದ. ನಾನು ಒಂದು ಮೀಟರ್ ಲೆಕ್ಕ ಹೇಳಿಕೊಟ್ಟೆ. ನಿನ್ನೆ ರಾತ್ರಿ ಫೋನ್ ಬಂತು.

"28 ಸೆಕೆಂಡ್. ಪಾಸಾ?"

274 ಭಾಗಿಸು 28. ಹತ್ತು ಕಿಲೋಮೀಟರಿಗೂ ಒಂಚೂರು ಕಮ್ಮಿ. ಆ ಬೆಲೆಗೆ ನನಗೆ ಹೊಟ್ಟೆಕಿಚ್ಚೇ ಆಯಿತು.

"ಹಿಂದಕ್ಕೆ ಎಷ್ಟು?" ಅಂದೆ.

ಅವನು ನೋಡಿರಲಿಲ್ಲ. ಫೋನ್ ನೆಲದ ಮೇಲಿಟ್ಟ. ಆ ಕಡೆಯಿಂದ ಮಗಳು ಎಣಿಸುವುದು ಕೇಳಿಸಿತು. ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು... "ಅಂಕಲ್, ಇನ್ನೂ ಬರ್ತಾ ಇದೆ!"