ಪರದೆ ಅದೇ, ಒಳಗಿನ ಎಂಜಿನ್ ಬೇರೆ
ಬಿಗ್‌ಕ್ವೆರಿ ಎಂದರೆ ದೊಡ್ಡ ದತ್ತಾಂಶವನ್ನು ವಿಶ್ಲೇಷಿಸುವ ಗೂಗಲ್‌ನ ಕ್ಲೌಡ್ ಸೇವೆ; ಅದನ್ನು ನಮ್ಮ ಕಂಪ್ಯೂಟರಿನಲ್ಲೇ ಅನುಕರಿಸುವ ತಂತ್ರಾಂಶ ಅದರ ಎಮ್ಯುಲೇಟರ್. ಈ ಎಮ್ಯುಲೇಟರ್‌ಗೆ ವೆಬ್ ಇಂಟರ್‌ಫೇಸ್ ಜೋಡಿಸಿಕೊಂಡರೆ ಕ್ಲೌಡ್‌ಗೆ ಹೋಗದೆಯೇ ಕ್ವೆರಿಗಳನ್ನು (ದತ್ತಾಂಶಕ್ಕೆ ಕೇಳುವ ಪ್ರಶ್ನೆಗಳನ್ನು) ಪೂರ್ತಿ ಪರೀಕ್ಷಿಸಬಹುದು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಹೇಳಿದ್ದಾರೆ. ಆ ಮಾತಿನಲ್ಲಿ ‘ಪೂರ್ತಿ’ ಎಂಬ ಪದವನ್ನು ನಾನು ಒಪ್ಪಲಾರೆ. ಟೇಬಲ್‌ಗಳ ಸ್ಕೀಮಾ, ಅಂದರೆ ಕಾಲಂಗಳ ರಚನೆ ನೋಡಲು, ಅನ್‌ನೆಸ್ಟ್ ಮಾಡಿದಾಗ (ಒಂದೇ ಸಾಲಿನೊಳಗಿನ ಪಟ್ಟಿಯನ್ನು ಬಿಡಿಸಿದಾಗ) ಸಾಲುಗಳು ಹೇಗೆ ಹರಡುತ್ತವೆ ಎಂಬುದನ್ನು ಕಣ್ಣಾರೆ ಕಾಣಲು ಅದು ನಿಜಕ್ಕೂ ಉಪಯುಕ್ತ. ಎಪಿಐ (ಪ್ರೋಗ್ರಾಂಗಳು ಸೇವೆಯೊಡನೆ ಮಾತಾಡುವ ದಾರಿ) ಕೊಡುವ ಜೇಸನ್ ರೂಪದ ಪಠ್ಯ ಉತ್ತರದಲ್ಲಿ ‘ಎಫ್’, ‘ವಿ’ ಎಂಬ ಕೀಗಳ ನಡುವೆ ಮೌಲ್ಯಗಳನ್ನು ಹುಡುಕಿ ಸುಸ್ತಾದವರಿಗೆ ಇದರ ಬೆಲೆ ಗೊತ್ತು. ಆದರೆ ಬಹುತೇಕರು ಬಳಸುವ ಓಪನ್ ಸೋರ್ಸ್ ಎಮ್ಯುಲೇಟರ್ ದತ್ತಾಂಶವನ್ನು ಇಡುವುದು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿ, ಅಂದರೆ ಸಾಲುವಾರು. ಬಿಗ್‌ಕ್ವೆರಿ ಇಡುವುದು ಕಾಲಂವಾರು, ಮತ್ತು ಆನ್-ಡಿಮಾಂಡ್ (ಬಳಸಿದಷ್ಟಕ್ಕೆ ಹಣ) ದರದಲ್ಲಿ ಬಿಲ್ ಬರುವುದು ಓದಿದ ಕಾಲಂಗಳ ಬೈಟ್‌ಗಳಿಗೆ. ಹೀಗಾಗಿ ಎಲ್ಲ ಕಾಲಂಗಳನ್ನೂ ಕೇಳುವ ‘ಸೆಲೆಕ್ಟ್ ಸ್ಟಾರ್’ ಬರೆದು ಕೊನೆಗೆ ಹತ್ತೇ ಸಾಲು ಸಾಕೆನ್ನುವ ‘ಲಿಮಿಟ್ 10’ ಹಾಕಿದ ಕ್ವೆರಿ ಲ್ಯಾಪ್‌ಟಾಪ್‌ನಲ್ಲಿ ಕ್ಷಣಾರ್ಧದಲ್ಲಿ ಮುಗಿದರೂ, ಅಸಲಿ ಬಿಗ್‌ಕ್ವೆರಿಯಲ್ಲಿ ಪಾರ್ಟಿಷನ್ ಆಗಲಿ ಕ್ಲಸ್ಟರ್ ಆಗಲಿ (ಟೇಬಲನ್ನು ಭಾಗ ಮಾಡಿ ಅಥವಾ ಜೋಡಿಸಿ ಇಡುವ ವ್ಯವಸ್ಥೆಗಳು) ಇಲ್ಲದ ದೊಡ್ಡ ಟೇಬಲ್ ಮೇಲೆ ಓಡಿಸಿದಾಗ ಇಡೀ ಟೇಬಲ್ ಓದಿದ ಲೆಕ್ಕದಲ್ಲಿ ಬಿಲ್ ಬರುತ್ತದೆ. ಇದನ್ನು ತಿಳಿಯಲು ಅಸಲಿ ಸೇವೆಯಲ್ಲೇ ಡ್ರೈ ರನ್, ಅಂದರೆ ಕ್ವೆರಿ ಓಡಿಸದೆ ಎಷ್ಟು ಬೈಟ್ ಓದಬೇಕಾದೀತು ಎಂಬ ಅಂದಾಜು ಪಡೆಯುವ ಪರೀಕ್ಷೆ, ಮಾಡಬೇಕು. ಅದಕ್ಕೆ ಶುಲ್ಕವೂ ಇಲ್ಲ.

ಇನ್ನೊಂದು ವಿಷಯ ಲೇಖನದಲ್ಲಿ ಬಿಟ್ಟುಹೋಗಿದೆ. ಡೇಟಾಬೇಸ್ ಫೈಲನ್ನು ಸೂಚಿಸದಿದ್ದರೆ ಈ ಎಮ್ಯುಲೇಟರ್ ಏನನ್ನೂ ಶಾಶ್ವತವಾಗಿ ಉಳಿಸುವುದಿಲ್ಲ. ನಾನು ಒಂದು ಮಧ್ಯಾಹ್ನವಿಡೀ ಇಂಟರ್‌ಫೇಸ್‌ನಲ್ಲಿ ಕುಳಿತು ಟೇಬಲ್‌ಗಳನ್ನು ಕಟ್ಟಿ, ಊಟಕ್ಕೆಂದು ಕಂಟೇನರ್ (ಎಮ್ಯುಲೇಟರ್ ಓಡುವ ಪ್ರತ್ಯೇಕ ಆವರಣ) ನಿಲ್ಲಿಸಿ ಮರಳಿ ಆರಂಭಿಸಿದಾಗ ಎಡಬದಿಯ ಪಟ್ಟಿ ಖಾಲಿಯಾಗಿತ್ತು (ತಪ್ಪು ನನ್ನದೇ, ಸೂಚನೆ ಓದಿರಲಿಲ್ಲ). ಅಂದಿನಿಂದ ಆರಂಭಿಕ ದತ್ತಾಂಶವನ್ನು ಯಾಮಲ್ ಎಂಬ ಸರಳ ಪಠ್ಯ ರೂಪದ ಫೈಲಿನಲ್ಲಿ ಬರೆದಿಡುತ್ತೇನೆ. ಇಂಟರ್‌ಫೇಸನ್ನು ನೋಡುವುದಕ್ಕಷ್ಟೇ ಬಳಸುತ್ತೇನೆ.